ಎಷ್ಟು ಸಲ ಕೇಳಿದಿರಿ? ಹಾಡಿನ ಲೆಕ್ಕ ಹೇಳುವುದೆಷ್ಟು, ಹೇಳದಿರುವುದೆಷ್ಟು

ನಿಮಗೆ ಬಹಳ ಇಷ್ಟವಾದ ಹಾಡು ಯಾವುದು ಎಂದು ಯಾರಾದರೂ ಕೇಳಿದರೆ ನೀವು ಕೂಡಲೇ ಒಂದು ಹೆಸರು ಹೇಳುತ್ತೀರಿ. ಕಳೆದ ಒಂದು ವರ್ಷದಲ್ಲಿ ನೀವು ಅತಿ ಹೆಚ್ಚು ಸಲ ಕೇಳಿದ ಹಾಡು ಯಾವುದು ಎಂದು ಕೇಳಿದರೆ ಸ್ವಲ್ಪ ತಡವರಿಸುತ್ತೀರಿ. ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಆಗಿರಬೇಕೆಂದೇನೂ ಇಲ್ಲ. ಮೊದಲನೆಯದಕ್ಕೆ ಉತ್ತರ ಕೊಡುವುದು ನಿಮ್ಮ ಮನಸ್ಸು. ಎರಡನೆಯದಕ್ಕೆ ಉತ್ತರ ನೀವು ಬಳಸುವ ಮೊಬೈಲಿನಲ್ಲೋ, ಹಾಡು ಕಳಿಸುವ ಕಂಪೆನಿಯ ದೂರದ ಕಂಪ್ಯೂಟರಿನಲ್ಲೋ ಈಗಾಗಲೇ ಬರೆದಿಟ್ಟಿದೆ. ನೀವು ಹಾಡು ಹಾಕಿದಾಗಲೆಲ್ಲ ಅಲ್ಲಿ ಒಂದು ಅಂಕೆ ಒಂದರಷ್ಟು ಏರುತ್ತದೆ.

ಈ ಪುಟ್ಟ ಅಂಕೆಯನ್ನು ಪ್ಲೇ ಕೌಂಟ್ ಎನ್ನುತ್ತಾರೆ. ವರ್ಷದ ಕೊನೆಯಲ್ಲಿ ಬಣ್ಣಬಣ್ಣದ ಚಿತ್ರಗಳೊಂದಿಗೆ ಅದು ನಿಮ್ಮ ಮುಂದೆ ಬರುತ್ತದೆ. ನೀವು ಅದನ್ನು ಗೆಳೆಯರಿಗೆ ತೋರಿಸುತ್ತೀರಿ. ಆದರೆ ಈ ಅಂಕೆ ಹುಟ್ಟುವುದು ಹೇಗೆ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅದರಿಂದ ಯಾರಿಗೆ ಏನು ಲಾಭ? ಪ್ರಯೋಗಶಾಲೆಯಲ್ಲಿ ಯಾವ ಉಪಕರಣ ಕೈಗೆ ಬಂದರೂ ನಾವು ಕೇಳಲೇಬೇಕಾದ ಪ್ರಶ್ನೆಗಳು ಇವು. ಹಾಡಿನ ಲೆಕ್ಕಕ್ಕೂ ಇವನ್ನೇ ಕೇಳೋಣ.

ಮಾರಾಟದ ಲೆಕ್ಕದಿಂದ ಕೇಳಿದ ಲೆಕ್ಕದವರೆಗೆ

ಗ್ರಾಮಫೋನಿನ ಕಾಲದಲ್ಲಿ ತಟ್ಟೆ ಎಷ್ಟು ಮಾರಾಟವಾಯಿತೆಂದು ಕಂಪೆನಿಗೆ ಗೊತ್ತಾಗುತ್ತಿತ್ತು. ಮನೆಗೆ ಒಯ್ದವರು ಅದನ್ನು ನೂರು ಸಲ ಹಾಕಿದರೋ, ಒಂದೇ ಸಲ ಕೇಳಿ ಅಟ್ಟಕ್ಕೆ ಏರಿಸಿದರೋ ತಿಳಿಯುತ್ತಿರಲಿಲ್ಲ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಆರಂಭವಾಗಿ ಅಮೀನ್ ಸಯಾನಿಯವರ ಧ್ವನಿಯಿಂದ ಮನೆಮಾತಾದ ಬಿನಾಕಾ ಗೀತ್‌ಮಾಲಾ ಹಾಡುಗಳ ಜನಪ್ರಿಯತೆಯನ್ನು ಅಳೆಯಲು ರೆಕಾರ್ಡುಗಳ ಮಾರಾಟವನ್ನೂ ಶ್ರೋತೃಗಳ ಅಭಿಪ್ರಾಯವನ್ನೂ ಆಧಾರವಾಗಿಟ್ಟುಕೊಂಡಿತ್ತು. ಆಗ ಅದಕ್ಕಿಂತ ಹತ್ತಿರದ ಅಳತೆ ಇರಲಿಲ್ಲ.

ಅಳತೆಯ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಯಾವ ಆಲ್ಬಂ ಚೆನ್ನಾಗಿ ಮಾರಾಟವಾಗುತ್ತಿದೆ ಎಂದು ಅಂಗಡಿಯವರನ್ನು ವಿಚಾರಿಸಿ ಆ ಪತ್ರಿಕೆ ಪಟ್ಟಿ ತಯಾರಿಸುತ್ತಿತ್ತು. 1991ರ ಮೇ ತಿಂಗಳಿನಿಂದ ಅಂಗಡಿಯ ಗಲ್ಲಾದಲ್ಲಿ ಯಂತ್ರ ಓದಿದ ಬಾರ್‌ಕೋಡ್ ಲೆಕ್ಕವನ್ನು ಬಳಸತೊಡಗಿತು. ಕಂಟ್ರಿ ಮತ್ತು ರ‍್ಯಾಪ್ ಸಂಗೀತದ ಆಲ್ಬಂಗಳು ಪಟ್ಟಿಯಲ್ಲಿ ಸರಸರನೆ ಮೇಲೇರಿದವು. ಜನರ ಅಭಿರುಚಿ ಒಂದೇ ವಾರದಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಎಣಿಸುವ ರೀತಿ.

ಮುಂದಿನ ಹೆಜ್ಜೆ ಕಂಪ್ಯೂಟರಿನದು. 2001ರಲ್ಲಿ ಆ್ಯಪಲ್ ಕಂಪೆನಿ ಐಟ್ಯೂನ್ಸ್ ಎಂಬ ತಂತ್ರಾಂಶವನ್ನೂ ಐಪಾಡ್ ಎಂಬ ಜೇಬಿನ ಸಂಗೀತ ಪೆಟ್ಟಿಗೆಯನ್ನೂ ಹೊರತಂದಿತು. ಐಟ್ಯೂನ್ಸ್‌ನಲ್ಲಿ ಪ್ರತಿ ಹಾಡಿನ ಎದುರಿಗೆ ಅದನ್ನು ಎಷ್ಟು ಸಲ ಕೇಳಲಾಗಿದೆ ಎಂಬ ಅಂಕೆಯನ್ನು ನೋಡಬಹುದಾಗಿತ್ತು. 2002ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಿಚರ್ಡ್ ಜೋನ್ಸ್ ತಮ್ಮ ಕಂಪ್ಯೂಟರ್ ವಿಜ್ಞಾನದ ಪ್ರಾಜೆಕ್ಟಿಗಾಗಿ ಆಡಿಯೋಸ್ಕ್ರಾಬ್ಲರ್ ಎಂಬ ಏರ್ಪಾಡನ್ನು ರೂಪಿಸಿದರು. ಕೇಳುಗನ ಕಂಪ್ಯೂಟರಿನಲ್ಲಿ ನುಡಿದ ಪ್ರತಿ ಹಾಡಿನ ಹೆಸರು ಮತ್ತು ವೇಳೆ ಅಂತರಜಾಲದ ಮೂಲಕ ಒಂದು ಕೇಂದ್ರಕ್ಕೆ ಹೋಗಿ ಸೇರುತ್ತಿತ್ತು. ಹೀಗೆ ಕಳಿಸುವುದಕ್ಕೆ ಸ್ಕ್ರಾಬ್ಲಿಂಗ್ ಎಂಬ ಹೊಸ ಪದವೇ ಹುಟ್ಟಿತು. 2005ರಲ್ಲಿ ಇದು ಲಾಸ್ಟ್ ಎಫ್‌ಎಂ ಎಂಬ ಸೇವೆಯೊಂದಿಗೆ ಒಂದಾಯಿತು. 2007ರಲ್ಲಿ ಅಮೆರಿಕದ ಸಿಬಿಎಸ್ ಸಂಸ್ಥೆ ಲಾಸ್ಟ್ ಎಫ್‌ಎಂ ಅನ್ನು 28 ಕೋಟಿ ಡಾಲರಿಗೆ ಕೊಂಡಿತು. ವಿದ್ಯಾರ್ಥಿಯ ಪ್ರಾಜೆಕ್ಟಿನಲ್ಲಿ ಮೊದಲಾದ ಎಣಿಕೆಗೆ ಐದೇ ವರ್ಷದಲ್ಲಿ ಎಷ್ಟು ಬೆಲೆ ಬಂತು, ನೋಡಿ.

'ಒಂದು ಸಲ' ಎಂದರೆ ಎಷ್ಟು?

ಎಣಿಸುವ ಮುನ್ನ ಏನನ್ನು ಎಣಿಸುತ್ತೇವೆ ಎಂಬುದು ನಿಶ್ಚಯವಾಗಬೇಕು. ಹಾಡನ್ನು ಒಂದು ಸಲ ಕೇಳಿದೆ ಎಂದರೆ ಏನು ಅರ್ಥ? ಮೊದಲಿನಿಂದ ಕೊನೆಯವರೆಗೆ ಕೇಳಿದ್ದೆ? ಪಲ್ಲವಿ ಮಾತ್ರ ಕೇಳಿದ್ದೂ ಆಗುತ್ತದೆಯೆ? ಒಬ್ಬೊಬ್ಬರದು ಒಂದೊಂದು ನಿಯಮ.

ಎಂಪಿ3 ಕಡತದೊಳಗೆ ಹಾಡಿನ ವಿವರ ಬರೆದಿಡುವ ಐಡಿ3 ಎಂಬ ಪದ್ಧತಿಯ ಎರಡನೆಯ ಆವೃತ್ತಿಯಲ್ಲಿ ಎಣಿಕೆಗೆಂದೇ ಒಂದು ಜಾಗವಿದೆ. ಅದರ ನಿಯಮದಂತೆ ಹಾಡು ಆರಂಭವಾದೊಡನೆ ಅಂಕೆ ಒಂದು ಏರಬೇಕು. ಐಟ್ಯೂನ್ಸ್‌ನಲ್ಲಿ ಹಾಡು ಕೊನೆ ಮುಟ್ಟಿದಾಗ ಅಂಕೆ ಏರುತ್ತದೆ. ಸ್ಪಾಟಿಫೈ 30 ಸೆಕೆಂಡು ಕೇಳಿದರೆ ಒಂದು ಎಂದು ಎಣಿಸುತ್ತದೆ. ಲಾಸ್ಟ್ ಎಫ್‌ಎಂ ನಿಯಮ ಇನ್ನೂ ಸ್ವಾರಸ್ಯದ್ದು: ಹಾಡು 30 ಸೆಕೆಂಡಿಗಿಂತ ಉದ್ದವಾಗಿರಬೇಕು, ಅದರ ಅರ್ಧ ಭಾಗವನ್ನಾಗಲಿ 4 ನಿಮಿಷಗಳನ್ನಾಗಲಿ, ಯಾವುದು ಮೊದಲು ಬರುತ್ತದೋ ಅಷ್ಟನ್ನು ಕೇಳಿರಬೇಕು.

ಈಗ ಒಂದು ಲೆಕ್ಕ ಮಾಡಿ. 5 ನಿಮಿಷದ ಭಾವಗೀತೆಯೊಂದನ್ನು ಹಾಕಿ 40 ಸೆಕೆಂಡು ಕೇಳಿ ನಿಲ್ಲಿಸಿದಿರಿ. ಐಡಿ3 ನಿಯಮದಂತೆ ಒಂದು, ಸ್ಪಾಟಿಫೈ ನಿಯಮದಂತೆ ಒಂದು, ಲಾಸ್ಟ್ ಎಫ್‌ಎಂನಲ್ಲಿ ಸೊನ್ನೆ, ಐಟ್ಯೂನ್ಸ್‌ನಲ್ಲೂ ಸೊನ್ನೆ. ಇನ್ನೊಂದು ದಿನ 40 ನಿಮಿಷದ ರಾಗ ತಾನ ಪಲ್ಲವಿಯೊಂದನ್ನು ಹಾಕಿ 30 ನಿಮಿಷ ತನ್ಮಯರಾಗಿ ಕೇಳಿದಿರಿ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದರು, ನಿಲ್ಲಿಸಿದಿರಿ. ಐಟ್ಯೂನ್ಸ್ ಲೆಕ್ಕದಲ್ಲಿ ನೀವು ಅದನ್ನು ಕೇಳಿಯೇ ಇಲ್ಲ! ಲಾಸ್ಟ್ ಎಫ್‌ಎಂ ಲೆಕ್ಕದಲ್ಲಿ ನಾಲ್ಕನೆಯ ನಿಮಿಷಕ್ಕೇ ಒಂದು ದಾಖಲಾಗಿತ್ತು. ಉಳಿದ 26 ನಿಮಿಷಕ್ಕೆ ಬೆಲೆಯಿಲ್ಲ. ಕೇಳಿದವರು ಒಬ್ಬರೇ, ಕೇಳಿದ್ದೂ ಅದೇ. ಅಂಕೆಗಳು ಮಾತ್ರ ಬೇರೆ ಬೇರೆ. ಆದ್ದರಿಂದ ಎರಡು ಸೇವೆಗಳ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಮೈಲಿಯನ್ನೂ ಕಿಲೋಮೀಟರನ್ನೂ ಕೂಡಿಸಿದಂತೆ.

ಯಾವ ಹಾಡು, ಯಾರ ಹಾಡು?

ಮುಂದಿನ ತೊಡಕು ಹೆಸರಿನದು. 1996ರಲ್ಲಿ ಬಂದ ಐಡಿ3 ಪದ್ಧತಿಯ ಮೊದಲ ಆವೃತ್ತಿಯಲ್ಲಿ ಹಾಡಿನ ವಿವರಕ್ಕೆಂದು ಕಡತದ ಕೊನೆಯಲ್ಲಿ ಒಟ್ಟು 128 ಬೈಟ್‌ಗಳ ಜಾಗವಿತ್ತು. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರ ಹೆಸರಿಗೆ 30, ಆಲ್ಬಂಗೆ 30, ಇಸವಿಗೆ 4. ಇಂಗ್ಲಿಷ್ ಪಾಪ್ ಹಾಡಿಗೆ ಈ ವ್ಯವಸ್ಥೆ ಹೇಗೋ ಸಾಕಾಗುತ್ತಿತ್ತು. ಕನ್ನಡ ಲಿಪಿಗೆ ಅದರಲ್ಲಿ ಅವಕಾಶವಿರಲಿಲ್ಲ. ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕಿತ್ತು. 'ಶ್ರೀನಿವಾಸ್' ಎಂಬುದನ್ನು ಒಬ್ಬರು 'ಐ' ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು 'ಇ' ಹಾಕಿ ಬರೆಯುತ್ತಾರೆ. ನಮಗೆ ಪಿ.ಬಿ. ಶ್ರೀನಿವಾಸ್ ಒಬ್ಬರೇ. ಅಕ್ಷರಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಅವರು ಇಬ್ಬರು ಗಾಯಕರು, ಎಣಿಕೆಯೂ ಇಬ್ಭಾಗ.

ಇನ್ನು 'ಕಲಾವಿದರು' ಎಂಬ ಜಾಗದಲ್ಲಿ ಯಾರ ಹೆಸರು ಬರೆಯಬೇಕು? ಚಿತ್ರಗೀತೆಗೆ ಹಾಡಿದವರು ಒಬ್ಬರು, ರಾಗ ಕೂಡಿಸಿದವರು ಒಬ್ಬರು, ಸಾಹಿತ್ಯ ಬರೆದವರು ಮತ್ತೊಬ್ಬರು. ಒಂದು ಕಡತದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂದಿದ್ದರೆ ಇನ್ನೊಂದರಲ್ಲಿ ಹಂಸಲೇಖ ಎಂದಿರಬಹುದು, ಮೂರನೆಯದರಲ್ಲಿ ಚಿತ್ರದ ಹೆಸರೇ ಇರಬಹುದು. ಪುರಂದರದಾಸರ ಒಂದೇ ಕೃತಿಯನ್ನು ಹತ್ತು ಗಾಯಕರಿಂದ ಹತ್ತು ಸಲ ಕೇಳಿದರೆ ನಿಮ್ಮ ಮಟ್ಟಿಗೆ ಅದು ಹತ್ತು ಸಲ ಕೇಳಿದ ಕೃತಿ. ಯಂತ್ರದ ಪಟ್ಟಿಯಲ್ಲಿ ಅದು ಒಂದೊಂದೇ ಸಲ ಕೇಳಿದ ಹತ್ತು ಹಾಡುಗಳಾಗಿ ಎಲ್ಲೋ ಕೆಳಗೆ ಬಿದ್ದಿರುತ್ತದೆ. ಧ್ವನಿಮುದ್ರಣಗಳನ್ನು ಗುರುತಿಸಲು ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕೆಗಳ ಅಂತರರಾಷ್ಟ್ರೀಯ ಸಂಕೇತವಿದೆ. ಅದು ಗುರುತಿಸುವುದೂ ಧ್ವನಿಮುದ್ರಣವನ್ನೇ ಹೊರತು ಕೃತಿಯನ್ನಲ್ಲ.

ಅಂಕೆಯನ್ನು ಓದುವ ಬಗೆ

ಅಂಕೆ ಸರಿಯಾಗಿಯೇ ಇದೆ ಎಂದುಕೊಳ್ಳೋಣ. ಅದನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಒಂದು ಕಲ್ಪಿತ ಲೆಕ್ಕ ನೋಡಿ. ಒಬ್ಬ ವಿದ್ಯಾರ್ಥಿನಿ ಒಂದು ತಿಂಗಳಲ್ಲಿ 4 ನಿಮಿಷದ ಚಿತ್ರಗೀತೆಯೊಂದನ್ನು 20 ಸಲ, 6 ನಿಮಿಷದ ವಚನವೊಂದನ್ನು 5 ಸಲ, 40 ನಿಮಿಷದ ಕಛೇರಿಯ ಭಾಗವೊಂದನ್ನು 3 ಸಲ ಕೇಳಿದಳು. ಸಲಗಳ ಲೆಕ್ಕದಲ್ಲಿ ಚಿತ್ರಗೀತೆ ಮೊದಲನೆಯದು, ಕಛೇರಿ ಕೊನೆಯದು. ಕಾಲದ ಲೆಕ್ಕ ಹಾಕಿದರೆ ಚಿತ್ರಗೀತೆಗೆ 80 ನಿಮಿಷ, ವಚನಕ್ಕೆ 30 ನಿಮಿಷ, ಕಛೇರಿಗೆ 120 ನಿಮಿಷ. ಕೊನೆಯದು ಮೊದಲಿಗೆ ಬಂತು. ಪ್ರಶ್ನೆ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ.

ಹಾಡು ನಿಮ್ಮ ಬಳಿ ಎಷ್ಟು ಕಾಲದಿಂದ ಇದೆ ಎಂಬುದನ್ನೂ ನೋಡಬೇಕು. ಎರಡು ವರ್ಷದಿಂದ ಇರುವ ಹಾಡಿಗೆ 96 ಸಲ, ಒಂದು ತಿಂಗಳಿಂದ ಇರುವ ಹಾಡಿಗೆ 30 ಸಲ ಎಂದಿಟ್ಟುಕೊಳ್ಳಿ. ಒಟ್ಟು ಅಂಕೆಯಲ್ಲಿ ಹಳೆಯದು ಮುಂದೆ. ಆದರೆ ತಿಂಗಳಿಗೆ ಎಷ್ಟು ಎಂದು ಭಾಗಿಸಿದರೆ ಹಳೆಯದಕ್ಕೆ 4, ಹೊಸದಕ್ಕೆ 30. ಭೌತಶಾಸ್ತ್ರದಲ್ಲಿ ದೂರವನ್ನೂ ವೇಗವನ್ನೂ ಬೇರೆಯಾಗಿ ನೋಡುವುದನ್ನು ಕಲಿತಿದ್ದೀರಿ ತಾನೆ? ಇದೂ ಅದೇ ಬಗೆಯದು.

ಸರಾಸರಿಯನ್ನು ನಂಬಿ ಮೋಸಹೋಗಬೇಡಿ. 100 ಹಾಡುಗಳನ್ನು ಒಟ್ಟು 1,000 ಸಲ ಕೇಳಿದ್ದರೆ ಸರಾಸರಿ ಹಾಡಿಗೆ 10 ಸಲ. ಆದರೆ ಮೆಚ್ಚಿನ 10 ಹಾಡುಗಳೇ 700 ಸಲ ನುಡಿದಿದ್ದರೆ ಉಳಿದ 90ಕ್ಕೆ ಸಿಕ್ಕಿದ್ದು 300. ಅಂದರೆ ಒಂದೊಂದಕ್ಕೆ ಮೂರು ಚಿಲ್ಲರೆ. '10 ಸಲ' ಕೇಳಿದ ಹಾಡು ಪಟ್ಟಿಯಲ್ಲಿ ಒಂದೂ ಇಲ್ಲದಿರಬಹುದು. ಕೆಲವೇ ವಸ್ತುಗಳು ಬಹುಪಾಲನ್ನು ನುಂಗಿ ಉಳಿದವು ಉದ್ದನೆಯ ಬಾಲದಂತೆ ಹರಡಿರುವ ಇಂತಹ ಕಡೆ ಸರಾಸರಿಗಿಂತ ಮಧ್ಯಾಂಕವೇ ವಾಸ್ತವಕ್ಕೆ ಹತ್ತಿರ.

ಯಂತ್ರದ ಕಿವಿಗೆ ಬೀಳದಿರುವುದು

ದೂರದರ್ಶನದ ಕೆಲಸದಲ್ಲಿರುವವರಿಗೆ ಈ ಬಗೆಯ ಸಂಶಯ ಹೊಸದೇನಲ್ಲ. ನಮ್ಮ ದೇಶದಲ್ಲಿ 2015ರಿಂದ ಬಾರ್ಕ್ ಸಂಸ್ಥೆ ವೀಕ್ಷಣೆಯನ್ನು ಅಳೆಯಲು ಕಾರ್ಯಕ್ರಮದ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದನ್ನು ಸೇರಿಸುವ ಕ್ರಮವನ್ನು ಬಳಸುತ್ತಿದೆ. ಆಯ್ದ ಮನೆಗಳಲ್ಲಿರುವ ಮೀಟರು ಆ ಗುರುತನ್ನು ಹಿಡಿಯುತ್ತದೆ. ಟಿವಿ ಹಾಕಿದೆ ಎಂಬುದು ಮೀಟರಿಗೆ ತಾನಾಗಿ ಗೊತ್ತಾಗುತ್ತದೆ. ಅದರ ಎದುರು ಕುಳಿತವರ ಮನಸ್ಸು ಎಲ್ಲಿತ್ತೆಂಬುದು ಗೊತ್ತಾಗುವುದಿಲ್ಲ. ಹಾಡಿನ ಎಣಿಕೆಯೂ ಹಾಗೆಯೇ. ಹಾಡು ನುಡಿದದ್ದನ್ನು ಅದು ಎಣಿಸುತ್ತದೆ. ನೀವು ಕೇಳಿದಿರೋ ಇಲ್ಲವೋ ಅದಕ್ಕೆ ತಿಳಿಯದು. ಓದುತ್ತಾ ಓದುತ್ತಾ ನಿದ್ದೆ ಹೋದ ರಾತ್ರಿ ಬೆಳಗಿನವರೆಗೂ ನುಡಿದ ಹಾಡುಗಳೂ ನಿಮ್ಮ ಅಭಿರುಚಿಯ ಖಾತೆಗೆ ಜಮೆಯಾಗುತ್ತವೆ. ನಿಮ್ಮ ಮೊಬೈಲ್ ಹಿಡಿದ ಪುಟ್ಟ ತಂಗಿ ಒಂದೇ ಶಿಶುಗೀತೆಯನ್ನು ಐವತ್ತು ಸಲ ಹಾಕಿದರೆ ಅದೂ ನಿಮ್ಮದೇ.

ಅತ್ತ, ನೀವು ನಿಜವಾಗಿ ಕೇಳುವ ಸಂಗೀತದಲ್ಲಿ ಎಷ್ಟೋ ಭಾಗ ಲೆಕ್ಕಕ್ಕೇ ಬರುವುದಿಲ್ಲ. ಬೆಳಿಗ್ಗೆ ಅಡಿಗೆಮನೆಯ ರೇಡಿಯೋ, ಊರಿಗೆ ಹೋಗುವ ಬಸ್ಸಿನ ಹಾಡು, ಗಣೇಶೋತ್ಸವದ ಆರ್ಕೆಸ್ಟ್ರಾ, ರಾತ್ರಿಯ ಯಕ್ಷಗಾನ, ಅಜ್ಜಿ ಹೇಳುವ ದೇವರನಾಮ - ಇವುಗಳಿಗೆ ಪ್ಲೇ ಕೌಂಟ್ ಇಲ್ಲ. ವರ್ಷಾಂತ್ಯದ ಪಟ್ಟಿಯನ್ನು 'ನನ್ನ ಸಂಗೀತ' ಎಂದು ಕರೆಯುವಾಗ ಇದನ್ನು ನೆನಪಿನಲ್ಲಿಡಿ. ಅದು ಒಂದು ಆ್ಯಪಿನ ಮೂಲಕ ಹಾದುಹೋದ ಸಂಗೀತದ ಪಟ್ಟಿ, ಅಷ್ಟೆ.

ಲೆಕ್ಕ ತಿರುಗಿ ನಿಮ್ಮತ್ತ ಬರುತ್ತದೆ

ಕಂಪೆನಿಗಳು ಈ ಅಂಕೆಗಳನ್ನು ಕೂಡಿಡುವುದೇಕೆ? ಮುಖ್ಯ ಕಾರಣ ಶಿಫಾರಸು. 1994ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಂಗೋ ಎಂಬ ಪ್ರಯೋಗ ನಡೆಯಿತು. ಜನರು ಸಂಗೀತಗಾರರಿಗೆ 1ರಿಂದ 7ರವರೆಗೆ ಅಂಕ ಕೊಟ್ಟು ಇ-ಮೇಲ್ ಕಳಿಸುತ್ತಿದ್ದರು. ಅಭಿರುಚಿ ಹೊಂದುವ ಬೇರೆಯವರ ಅಂಕಗಳನ್ನು ನೋಡಿ ಕಂಪ್ಯೂಟರು ಹೊಸ ಹೆಸರುಗಳನ್ನು ಸೂಚಿಸುತ್ತಿತ್ತು. ತತ್ತ್ವ ಸರಳ. ನೀವು 20 ಆಲ್ಬಂ ಕೇಳಿದ್ದೀರಿ. ಒಬ್ಬ ಸಹಪಾಠಿ ಅವುಗಳಲ್ಲಿ 12ನ್ನು ಕೇಳಿದ್ದಾನೆ, ಇನ್ನೊಬ್ಬ 2ನ್ನು ಮಾತ್ರ. ಮೊದಲನೆಯವನಿಗೆ ಹಿಡಿಸಿದ, ನೀವು ಕೇಳದ ಆಲ್ಬಂ ನಿಮಗೂ ಹಿಡಿಸುವ ಸಂಭವ ಹೆಚ್ಚು. ರಿಂಗೋ ಕೇಳಿ ತಿಳಿದುಕೊಳ್ಳುತ್ತಿತ್ತು. ಪ್ಲೇ ಕೌಂಟ್ ಬಂದ ಮೇಲೆ ಕೇಳುವ ಅಗತ್ಯವೇ ಉಳಿಯಲಿಲ್ಲ. ನೀವು ಸುಮ್ಮನೆ ಹಾಡು ಹಾಕಿದರೆ ಸಾಕು.

ಇಲ್ಲಿ ಒಂದು ವಿಶೇಷವಿದೆ. ತೂಕದ ಯಂತ್ರ ನಿಮ್ಮ ತೂಕವನ್ನು ಹೆಚ್ಚಿಸುವುದಿಲ್ಲ. ಹಾಡಿನ ಎಣಿಕೆ ಹಾಗಲ್ಲ; ತಾನು ಅಳೆಯುವುದನ್ನೇ ಅದು ಬದಲಿಸಬಲ್ಲದು. ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಅದರಲ್ಲಿ 14,341 ಜನ ಭಾಗವಹಿಸಿದ್ದರು. ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಅವರ ಮುಂದಿಟ್ಟರು. ಒಂದು ಗುಂಪಿಗೆ ಹಾಡುಗಳ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಒಂದಕ್ಕೊಂದು ಸಂಪರ್ಕವಿಲ್ಲದ ಎಂಟು 'ಲೋಕ'ಗಳಿಗೆ ಹಂಚಿ, ಆಯಾ ಲೋಕದಲ್ಲಿ ಆ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಅಂಕೆಯನ್ನೂ ತೋರಿಸಿದರು. ಅಂಕೆ ಕಾಣುತ್ತಿದ್ದ ಕಡೆ ಗೆದ್ದ ಹಾಡುಗಳಿಗೂ ಸೋತ ಹಾಡುಗಳಿಗೂ ಅಂತರ ಹೆಚ್ಚಾಯಿತು. ಅಷ್ಟೇ ಅಲ್ಲ, ಒಂದು ಲೋಕದಲ್ಲಿ ಗೆದ್ದ ಹಾಡೇ ಇನ್ನೊಂದರಲ್ಲಿ ಗೆಲ್ಲಲಿಲ್ಲ. ತೀರ ಒಳ್ಳೆಯವು ಸಾಮಾನ್ಯವಾಗಿ ಕೆಳಗಿಳಿಯಲಿಲ್ಲ, ತೀರ ಕಳಪೆಯವು ಮೇಲೇರಲಿಲ್ಲ. ನಡುವಿನವುಗಳ ಗತಿ ಮೊದಲು ಬಂದವರ ಆಯ್ಕೆಯ ಮೇಲೆ ಎತ್ತೆತ್ತಲೋ ಹೊರಳಿತು.

ನಿಮ್ಮ ಮೊಬೈಲಿನಲ್ಲಿಯೂ ಇಂಥದೇ ಚಕ್ರ ಸುತ್ತಬಹುದು. ನೀವು ಒಂದು ಬಗೆಯ ಹಾಡನ್ನು ನಾಲ್ಕು ದಿನ ಕೇಳಿದಿರಿ. ಆ್ಯಪ್ ಅದೇ ಬಗೆಯದನ್ನು ಮುಂದಿಟ್ಟಿತು. ಕೈಗೆ ಸಿಕ್ಕಿದ್ದನ್ನು ನೀವು ಕೇಳಿದಿರಿ. ಎಣಿಕೆ ಮತ್ತಷ್ಟು ಏರಿತು. ವರ್ಷದ ಕೊನೆಗೆ 'ಇದೇ ನಿಮ್ಮ ಅಭಿರುಚಿ' ಎಂಬ ಪಟ್ಟಿ ಬಂತು. ಹದಿನಾರು-ಹದಿನೆಂಟರ ವಯಸ್ಸಿನಲ್ಲಿ ಅಭಿರುಚಿ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಅದಕ್ಕೆ ರೂಪ ಕೊಡುವವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ.

ಹಾಡಿನ ಹಿಂದೆ ದಿನಚರಿ

ಪ್ರತಿ ಎಣಿಕೆಯ ಜೊತೆಗೆ ವೇಳೆಯೂ ದಾಖಲಾಗುತ್ತದೆ ಎಂಬುದನ್ನು ಮರೆಯಬೇಡಿ. ನೀವು ಎಷ್ಟು ಗಂಟೆಗೆ ಏಳುತ್ತೀರಿ, ಯಾವ ವಾರ ರಾತ್ರಿಯಿಡೀ ಎಚ್ಚರವಿದ್ದಿರಿ, ಯಾವ ದಿನದಿಂದ ಲವಲವಿಕೆಯ ಹಾಡು ಬಿಟ್ಟು ವಿಷಾದದ ಹಾಡು ಹಿಡಿದಿರಿ - ಇದನ್ನೆಲ್ಲ ಆ ಸಾಲುಗಳಿಂದ ಊಹಿಸಬಹುದು. ಹೆಸರು ತೆಗೆದುಹಾಕಿದರೆ ಆಯಿತಲ್ಲ ಎನ್ನುವಿರಾ? 2006ರಲ್ಲಿ ನೆಟ್‌ಫ್ಲಿಕ್ಸ್ ಕಂಪೆನಿ ಒಂದು ಸ್ಪರ್ಧೆಗಾಗಿ ತನ್ನ ಸುಮಾರು 4.8 ಲಕ್ಷ ಚಂದಾದಾರರು ಚಲನಚಿತ್ರಗಳಿಗೆ ಕೊಟ್ಟ ಅಂಕಗಳನ್ನು ಹೆಸರು ತೆಗೆದು ಪ್ರಕಟಿಸಿತು. ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಎಂಬ ವಿಜ್ಞಾನಿಗಳು 2008ರಲ್ಲಿ ತೋರಿಸಿದ್ದೇನೆಂದರೆ, ಒಬ್ಬರ ಎಂಟು ಚಿತ್ರಗಳ ಅಂಕವೂ ಸರಿಸುಮಾರು ದಿನಾಂಕವೂ ಗೊತ್ತಿದ್ದರೆ, ಅವುಗಳಲ್ಲಿ ಎರಡು ತಪ್ಪಾಗಿದ್ದರೂ, 99% ದಾಖಲೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸಬಹುದು. ಅಭಿರುಚಿಯೂ ಒಂದು ಬಗೆಯ ಹೆಬ್ಬೆಟ್ಟಿನ ಗುರುತು.

ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು, ಹಂತಹಂತವಾಗಿ ಜಾರಿಗೆ ತರುವ ಏರ್ಪಾಡಾಗಿದೆ. ಅದರ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವುದಕ್ಕೂ ಅವರನ್ನೇ ಗುರಿಯಾಗಿಸಿ ಜಾಹೀರಾತು ನೀಡುವುದಕ್ಕೂ ಕಾಯಿದೆಯ ಅಡ್ಡಿಯಿದೆ. ಈ ಪುಟ ಓದುತ್ತಿರುವ ನಿಮ್ಮಲ್ಲಿ ಅನೇಕರು ಈ ವಯಸ್ಸಿನವರೇ ಅಲ್ಲವೆ?

ನೀವೇ ಮಾಡಿ ನೋಡಿ

ಇದಕ್ಕೆ ಬೇಕಾಗುವುದು 40 ಪುಟದ ಒಂದು ನೋಟ್‌ಬುಕ್ಕು, 14 ದಿನಗಳ ತಾಳ್ಮೆ. ಪುಟಕ್ಕೆ ಐದು ಕಾಲಂ ಗೆರೆ ಎಳೆಯಿರಿ: ವೇಳೆ, ಹಾಡು ಮತ್ತು ಹಾಡಿದವರು, ಎಲ್ಲಿಂದ ಕೇಳಿಬಂತು (ಮೊಬೈಲು, ರೇಡಿಯೋ, ಬಸ್ಸು, ಎದುರಿನಲ್ಲೇ ಹಾಡಿದ್ದು), ಎಷ್ಟು ನಿಮಿಷ, ನೀವಾಗಿ ಆರಿಸಿದಿರೋ, ತಾನಾಗಿ ಬಂತೋ. ಎಣಿಕೆಯ ನಿಯಮವನ್ನು ಮೊದಲ ದಿನವೇ ಬರೆದಿಡಿ. ಅರ್ಧ ಹಾಡು ಕೇಳಿದರೆ ಒಂದು ಎಂದೋ, ಪೂರ್ತಿ ಕೇಳಿದರೆ ಮಾತ್ರ ಒಂದು ಎಂದೋ ನಿಮಗೆ ಬಿಟ್ಟದ್ದು. ನಡುವೆ ಬದಲಿಸಬೇಡಿ.

ಹದಿನೈದನೆಯ ದಿನ ಎರಡು ಪಟ್ಟಿ ಮಾಡಿ, ಒಂದು ಸಲಗಳ ಪ್ರಕಾರ, ಇನ್ನೊಂದು ನಿಮಿಷಗಳ ಪ್ರಕಾರ. ಸರಾಸರಿಯನ್ನೂ ಮಧ್ಯಾಂಕವನ್ನೂ ಕಂಡುಹಿಡಿಯಿರಿ. ಕೊನೆಯ ಕಾಲಮ್ಮಿನಲ್ಲಿ 'ತಾನಾಗಿ ಬಂತು' ಎಂಬುದು ಶೇಕಡಾ ಎಷ್ಟಿದೆ, ನೋಡಿ. ಸ್ಪಾಟಿಫೈ ಬಳಸುವವರು ತಮ್ಮ ಕೇಳುವಿಕೆಯ ಪೂರ್ಣ ದಾಖಲೆಯನ್ನು ಕಂಪೆನಿಯಿಂದ ಕೇಳಿ ಪಡೆಯಬಹುದು. ಅದರಲ್ಲಿ ಪ್ರತಿ ಹಾಡು ಎಷ್ಟು ಮಿಲಿಸೆಕೆಂಡು ನುಡಿಯಿತೆಂಬುದೂ ಇರುತ್ತದೆ. ಅದೇ 14 ದಿನಗಳ ಯಂತ್ರದ ದಾಖಲೆಯನ್ನು ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿಡಿ. ಅಲ್ಲಿದ್ದು ಇಲ್ಲಿಲ್ಲದ್ದು ಯಾವುದು? ಇಲ್ಲಿದ್ದು ಅಲ್ಲಿಲ್ಲದ್ದು ಯಾವುದು? ತರಗತಿಯಲ್ಲಿ ಐದಾರು ಜನ ಸೇರಿ ಮಾಡಿದರೆ ಚರ್ಚೆಗೆ ಬೇಕಾದಷ್ಟು ವಿಷಯ ಸಿಗುತ್ತದೆ. ಆದರೆ ಒಂದು ನಿಯಮ ಇರಲಿ: ಯಾರೂ ತಮ್ಮ ನೋಟ್‌ಬುಕ್ಕನ್ನು ಇನ್ನೊಬ್ಬರಿಗೆ ತೋರಿಸಲೇಬೇಕೆಂದು ಒತ್ತಾಯಿಸಬಾರದು. ಒಟ್ಟು ಅಂಕೆಗಳನ್ನು ಹೇಳಿದರೆ ಸಾಕು.

ಎಲ್ಲ ಮುಗಿದ ಮೇಲೆ ಮೊದಲ ಪ್ರಶ್ನೆಗೆ ಹಿಂತಿರುಗಿ. ನಿಮಗೆ ಬಹಳ ಇಷ್ಟವೆಂದು ಹೇಳಿದ ಹಾಡು ಪಟ್ಟಿಯಲ್ಲಿ ಎಷ್ಟನೆಯ ಸ್ಥಾನದಲ್ಲಿದೆ? ಅದು ಪಟ್ಟಿಯಲ್ಲೇ ಇಲ್ಲದಿದ್ದರೆ ಹಾಡನ್ನು ಬದಲಿಸಬೇಡಿ. ಕಾರಣ ಏನಿರಬಹುದೆಂದು ಯೋಚಿಸಿ ಒಂದು ಪುಟ ಬರೆಯಿರಿ.